ಸಿಮೆಂಟಿನ ಬಣ್ಣ

ಗುರವ್ವ ಸ್ಟೂಲಿನ ಮೇಲೆ ನಿಂತು ಪಡಸಾಲೆಯ ಪರದೆ ಬಿಚ್ಚುತ್ತಿದ್ದಳು. ಅದು ಬರಲೊಲ್ಲದು. ಮೀರಾಬಿ ತನ್ನ ಕೈಯಾರೆ ಹೊಲಿದ ಪರದೆ. ಎಳೆದರೆ ಮೇಲಿನ ಸರಳೇ ಕಿತ್ತು ಬರಬೇಕೇ ಹೊರತು ಹೊಲಿಗೆ ಬಿಡುವಂತಿರಲಿಲ್ಲ. ಹಿತ್ತಲಲ್ಲಿ ಅದೇ ಮೀರಾಬಿಯ ಮೈಗೆ ಕೊನೆಯ ನೀರು ಹಾಕಬೇಕಿತ್ತು. ಮರೆ ಕಟ್ಟಲು ದೊಡ್ಡ ಬಟ್ಟೆ ಬೇಕಾಗಿತ್ತು.

“ಕತ್ತರಿ ತರಲೇನ?” ಎಂದಳು ಕೆಳಗೆ ನಿಂತಿದ್ದ ಎದುರು ಮನೆಯ ರೇಷ್ಮಾಬಿ.

“ಬ್ಯಾಡ. ಆಕಿ ಹೊಲದದ್ದಕ್ಕ ನಾ ಕತ್ತರಿ ಹಾಕಂಗಿಲ್ಲ,” ಎಂದು ಗುರವ್ವ ಒಂದೊಂದೇ ಎಳೆಯನ್ನು ಹಲ್ಲಿನಿಂದ ಕಡಿದಳು. ಗೋಡೆಗೆ ಗೋಡೆ ಹತ್ತಿದ ಮನೆಯವಳು ಆಕೆ. ಜಾತಿ ಬೇರೆ, ದೇವರು ಬೇರೆ. ಬೆಂಕಿ, ಮೊಸರು, ಜಗಳ ಮಾತ್ರ ಎರಡೂ ಮನೆಗೆ ಒಂದೇ ಆಗಿದ್ದವು.

ಪರದೆ ಕೆಳಗೆ ಬಿತ್ತು. ಬೂದಿ ಬಣ್ಣದ ಪರದೆ. ಅದರ ಹಿಂದೆ ಬೂದಿ ಬಣ್ಣದ ಗೋಡೆ, ಕಾಲ ಕೆಳಗೆ ಬೂದಿ ಬಣ್ಣದ ಶಹಾಬಾದ್ ಕಲ್ಲು, ಮೂಲೆಯ ಟ್ರಂಕಿನ ಮೇಲೆ ಹೊದಿಸಿದ್ದ ಬಟ್ಟೆಯೂ ಅದೇ ಬೂದಿ. ಕೂತು ಅಳುತ್ತಿದ್ದ ಹೆಂಗಸರ ಕಣ್ಣು ಅಳುವಿನ ನಡುವೆಯೇ ಗೋಡೆಯ ಮೇಲೆಲ್ಲ ಓಡಾಡಿತು. ಸತ್ತವರ ಮನೆಗೆ ಬಂದವರು ಮೊದಲು ಹೆಣ ನೋಡುತ್ತಾರೆ, ಆಮೇಲೆ ಮನೆ ನೋಡುತ್ತಾರೆ. ಇದು ಎಲ್ಲ ಊರಿನಲ್ಲೂ ಇದ್ದದ್ದೇ.

“ಪಾಪ, ಮನಿ ಕಟ್ಟಿಸಿದ್ಲು, ಬಣ್ಣ ನೋಡದ ಹೋದ್ಲು,” ಎಂದಳು ರೇಷ್ಮಾಬಿ.

“ಬಣ್ಣ ಹಚ್ಚೇತಿ,” ಎಂದಳು ಗುರವ್ವ.

“ಎಲ್ಲಿ ಹಚ್ಚೇತಿ?”

“ನಿನ್ನ ಕಣ್ಣ ಮುಂದ ಐತಲ್ಲ.”

“ಇದು ಸಿಮಿಟಲ್ಲೇನ ಬೇ?” ರೇಷ್ಮಾಬಿ ಗೋಡೆಯನ್ನು ನೋಡಿದಳು, ಗುರವ್ವನನ್ನು ನೋಡಿದಳು, ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದುಕೊಂಡು ಪರದೆ ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಮೀರಾಬಿಯ ಗಂಡ ಅಬ್ದುಲಗನಿ ಹೊರಗೆ ಬೇವಿನ ಗಿಡದ ಬುಡದಲ್ಲಿ ಕೂತು ಈ ಮಾತನ್ನೆಲ್ಲ ಕೇಳಿಸಿಕೊಂಡ. ಅಣ್ಣಿಗೇರಿ ಸುತ್ತಲಿನ ಹಳ್ಳಿಗಳಲ್ಲಿ ಅರಳೆ ಹಿಂಜಿ ಗಾದಿ ಹೊಲಿದುಕೊಡುವವ ಅವನು. ಊರಿನ ಅರ್ಧ ಮಂದಿ ಅವನು ಹೊಲಿದ ಗಾದಿಯ ಮೇಲೆ ಹುಟ್ಟಿದ್ದರು, ಕೆಲವರು ಅದರ ಮೇಲೆಯೇ ಸತ್ತಿದ್ದರು. ಮೀರಾಬಿಯೂ ಹಾಗೆಯೇ ಹೋದಳು. ಬೆಳಗಾದರೂ ಒಲೆ ಹೊತ್ತಿಲ್ಲವೆಂದು ಇವನು ಎದ್ದು ನೋಡಿದರೆ, ಗೋಡೆಗೆ ಬೆನ್ನು ಕೊಟ್ಟು ಮಲಗಿದ ಹೆಂಡತಿಯ ಮೈ ತಣ್ಣಗಾಗಿತ್ತು.

ಅಣ್ಣಿಗೇರಿಯಿಂದ ನಿಯಾಜ್ ಮೋಟರ್‌ಸೈಕಲ್ಲಿನ ಮೇಲೆ ಬಂದ. ಮೀರಾಬಿಯ ಒಬ್ಬನೇ ತಮ್ಮ, ಕಾಳಿನ ದಲಾಲಿ ಅಂಗಡಿಯಲ್ಲಿ ಕೆಲಸ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಮೀರಾಬಿ ತಾನೇ ಹುಡುಗಿಯಾಗಿದ್ದರೂ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಗಾಡಿ ನಿಲ್ಲಿಸಿದವನು ಒಂದು ಕಡೆ ಕೂರಲಿಲ್ಲ. ಕೊಡ ಎತ್ತಿದ, ಚಾಪೆ ಹಾಸಿದ, ಕಫನ್ ಬಟ್ಟೆಗೆ ಜನ ಓಡಿಸಿದ. ಕೈಗೆ ಕೆಲಸವಿಲ್ಲದಿದ್ದರೆ ಬಿದ್ದು ಹೋಗುವ ಸ್ವಭಾವ ಅವನದು.

ನೀರು ಹಾಕಿ, ಕಫನ್ ಉಡಿಸಿ, ಕಡೆಯ ಸಲ ಮುಖ ತೋರಿಸುವಾಗ ಅಬ್ದುಲಗನಿ ಮುಂದೆ ಬಂದು ಕೈ ಚಾಚಿದ. ಮಸೂತಿಯ ಹಿರಿಯ ರಮಜಾನ್ ಕಾಕಾ ಆ ಕೈಯನ್ನು ಹಿಡಿದುಕೊಂಡ.

“ದೂರಿಂದ ನೋಡು ಗನಿ. ಮುಟ್ಟಬ್ಯಾಡಪಾ. ಉಸರು ಹೋದ ಮ್ಯಾಲ ನಿಕಾ ಹರೀತು. ಈಗ ನೀ ಆಕಿಗೆ ಹೊರಗಿನಾಂವ.”

ಆ ಓಣಿಯ ರೂಢಿ ಹಾಗಿತ್ತು. ಒಂದೇ ಗಾದಿಯ ಮೇಲೆ ಆಯುಷ್ಯ ಕಳೆದವನು ಒಂದು ಮುಂಜಾನೆಯಲ್ಲಿ ಪರಪುರುಷನಾದ. ಅಬ್ದುಲಗನಿ ಕೈ ಹಿಂದಕ್ಕೆ ಎಳೆದುಕೊಂಡು ಬಾಗಿಲ ಬಳಿ ನಿಂತ.

ತಮ್ಮನಿಗೆ ಆ ಕಟ್ಟು ಇರಲಿಲ್ಲ. ನಿಯಾಜ್ ಅಕ್ಕನ ತಲೆಯ ಹತ್ತಿರ ಮೊಣಕಾಲೂರಿ ಕೂತು ಎಲ್ಲರಿಗೂ ಕೇಳುವಂತೆ ಹೇಳಿದ.

“ಅಕ್ಕಾ, ನಿನ್ನ ಮನಿಗೆ ಬಣ್ಣ ಹಚ್ಚಿಸಿಕೊಡ್ತೇನಿ ಅಂದ್ರ, ಆಮ್ಯಾಲ ನೋಡೂಣು ತಮ್ಮಾ, ಆಮ್ಯಾಲ ನೋಡೂಣು ಅಂದಿ. ನಾನೂ ಸುಮ್ನಾಗಿಬಿಟ್ಟೆ. ಜಿಯಾರತ್ತಿನೊಳಗ ಮನಿ ಹಸರ ಮಾಡ್ತೇನಿ. ನನ್ನ ಕೈಲೆ ಹಚ್ತೇನಿ. ಹಳೇ ಮನಿಗೆ ಹಚ್ಚಿದ್ನಲ್ಲ, ಹಂಗ. ಇದು ನಿನಗ ನನ್ನ ಮಾತು.”

ಜಿಯಾರತ್ತು ಎಂದರೆ ಮೂರನೆಯ ದಿನದ ಓದು. ಸುತ್ತಲಿನವರು ಕಣ್ಣೊರೆಸಿಕೊಂಡು “ಆಮೀನ್” ಎಂದರು. ಇಂಥ ತಮ್ಮ ಎಲ್ಲರಿಗೂ ಸಿಗಲಿ ಎಂದಳು ರೇಷ್ಮಾಬಿ.

ಹಸಿರು ಎಂಬ ಮಾತು ಕಿವಿಗೆ ಬಿದ್ದದ್ದೇ ಅಬ್ದುಲಗನಿ ಒಂದು ಹೆಜ್ಜೆ ಮುಂದೆ ಬಂದ. ಬಾಯಿ ತೆರೆದ. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಗುರವ್ವ ಅವನನ್ನೇ ನೋಡುತ್ತಿದ್ದಳು. ಆ ಗೋಡೆಯ ಸಂಗತಿ ಬಲ್ಲವರು ಈಗ ಅವರಿಬ್ಬರೇ. ಅವನು ಬಾಯಿ ಮುಚ್ಚಿಕೊಂಡ.

*

ಹಳೆಯ ಮನೆಯೂ ಇದೇ ಜಾಗದಲ್ಲಿತ್ತು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಆ ವರ್ಷ ಮಳೆಗಾಲದ ನಡುವೆ ಒಂದಿಷ್ಟು ಬಿಸಿಲು ಬಿದ್ದಾಗ, ಹಿರಿಯ ಮಗಳು ಖುಷ್ಬೂವನ್ನು ನೋಡಲು ಸಂಶಿಯಿಂದ ಬೀಗರು ಬರುವ ಸುದ್ದಿ ಬಂತು. ಅಣ್ಣಿಗೇರಿಯಲ್ಲಿ ಹೊಸ ಮನೆ ಕಟ್ಟಿಸಿಕೊಂಡಿದ್ದ ನಿಯಾಜ್ ಉಳಿದ ಆಯಿಲ್ ಪೇಂಟಿನ ಡಬ್ಬಿಗಳನ್ನು ಗಾಡಿಗೆ ಕಟ್ಟಿಕೊಂಡು ಬಂದ. ಗಿಳಿ ಹಸಿರು.

“ಬೀಗರ ಕಣ್ಣಿಗೆ ಹೊಡೀಬೇಕು ನೋಡಕ್ಕಾ,” ಎಂದು ರಜೆ ಹಾಕಿ, ಅಂಗಿ ಕಳಚಿ ತಾನೇ ಹಚ್ಚಿದ. ಚಿಕ್ಕವಳು ಅರ್ಫಾ ಡಬ್ಬಿ ಹಿಡಿದು ಮಾಮನ ಹಿಂದೆಯೇ ತಿರುಗಿದಳು. ಮೂಗಿನ ಮೇಲೆ ಒಂದು ಹಸಿರು ಚುಕ್ಕೆ ಇಡಿಸಿಕೊಂಡು ಮಾರನೆಯ ದಿನ ಶಾಲೆಗೂ ಹಾಗೆಯೇ ಹೋದಳು. ಗೋಡೆ ಮುಖ ಕಾಣುವಷ್ಟು ಹೊಳೆಯಿತು. ಬೀಗರು ಬಂದರು, ಹುಡುಗಿಯನ್ನೂ ಒಪ್ಪಿದರು, ಗೋಡೆಯನ್ನೂ ಹೊಗಳಿದರು.

ಮಣ್ಣಿನ ಗೋಡೆಗೆ ಸುಣ್ಣ ಬಳಿದರೆ ಅದು ಉಸಿರಾಡುತ್ತದೆ. ನೀರು ಕುಡಿದರೆ ಕಪ್ಪಾಗಿ ತೋರಿಸುತ್ತದೆ, ಬಿಸಿಲು ಬಿದ್ದರೆ ಬಿಟ್ಟುಕೊಡುತ್ತದೆ. ಎಣ್ಣೆ ಬಣ್ಣ ಅದರ ಬಾಯಿ ಮುಚ್ಚಿಬಿಟ್ಟಿತು. ಬೀಗರು ಹೋದ ಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಮಾಳಿಗೆಯ ನೀರು ಗೋಡೆಯ ನೆತ್ತಿಯಿಂದ ಇಳಿಯುತ್ತಿತ್ತು, ಹೊರಗೆ ಮಾತ್ರ ಹಸಿರು ಹಾಗೆಯೇ ಫಳಫಳ.

ಒಂದು ಮುಂಜಾನೆ ಮೀರಾಬಿ ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡಿದಳು. “ಗ್ವಾಡಿ ಹಸಿ ಐತ್ರೀ.”

ಅಬ್ದುಲಗನಿ ಗಾದಿಗೆ ಸೂಜಿ ಹಾಕುತ್ತ ತಲೆ ಎತ್ತದೆ ಹೇಳಿದ. “ಬಣ್ಣ ಇನ್ನೂ ಆರಿಲ್ಲ ಬಿಡು. ಮಳಿಯಾಗ ಎಣ್ಣಿ ಬಣ್ಣ ಲಗೂನ ಆರೂದಿಲ್ಲ.”

“ಉಬ್ಬಿದಂಗ ಕಾಣ್ತೈತಿ.”

“ಬಣ್ಣದ ಗುಳ್ಳಿ ಇರಬೇಕು. ನಿನ್ನ ತಮ್ಮ ಮನಿ ಚೆಂದ ಮಾಡಿಕೊಟ್ಟಾನ, ಅದರಾಗೂ ಕೊಂಕ ತೆಗೀತಿಯಲ್ಲ.”

ಆಕೆ ಅಂಗೈ ಸೆರಗಿಗೆ ಒರೆಸಿಕೊಂಡು ಒಲೆಯ ಕಡೆ ಹೋದಳು. ಮರುದಿನ ಶಾಲೆಗೆ ಮಳೆಯ ರಜೆ. ಮಧ್ಯಾಹ್ನ ಅರ್ಫಾ ಅದೇ ಗೋಡೆಗೆ ಆತು ಕೂತು ಚಿತ್ರ ಬರೆಯುತ್ತಿದ್ದಳು. ಸದ್ದೂ ದೊಡ್ಡದಾಗಲಿಲ್ಲ. ಒಲೆಯ ಮುಂದಿದ್ದ ಮೀರಾಬಿ ತಿರುಗಿ ನೋಡಿದಾಗ ಗೋಡೆಯ ಜಾಗದಲ್ಲಿ ಬೀದಿ ಕಂಡಿತು.

ಗುರವ್ವ ಓಡಿ ಬಂದು ಉಗುರು ಕಿತ್ತುಹೋಗುವ ಹಾಗೆ ಮಣ್ಣು ಬಗೆದಳು. ಮಗುವನ್ನು ಎತ್ತಿದವಳು ಆಕೆಯೇ. ಬಿದ್ದ ಗೋಡೆಯ ಮೇಲೆ ಹಸಿರು ಬಣ್ಣ ದೊಡ್ಡ ಹಾಳೆಯ ಹಾಗೆ ಹರಿಯದೆ ಉಳಿದಿತ್ತು. ಅದನ್ನು ಸರಿಸಿದರೆ ಹಿಂದಿನ ಮಣ್ಣೆಲ್ಲ ಹಿಟ್ಟಿನಂತೆ ಕಲಸಿಹೋಗಿತ್ತು. ಅದನ್ನು ಕಣ್ಣಾರೆ ಕಂಡವರು ಮೀರಾಬಿ, ಅಬ್ದುಲಗನಿ, ಗುರವ್ವ ಮೂವರೇ. ಉಳಿದವರು ಬರುವ ಹೊತ್ತಿಗೆ ಮಳೆ ಎಲ್ಲವನ್ನೂ ರಾಡಿ ಮಾಡಿತ್ತು.

ಸಂಜೆ ನಿಯಾಜ್ ಬಂದು ಹಣೆ ಹಣೆ ಬಡಿದುಕೊಂಡ. “ಎಂಥಾ ಹಾಳ ಮಳಿ ಬಂತಕ್ಕಾ!”

“ಹೌದು ತಮ್ಮಾ,” ಎಂದಳು ಮೀರಾಬಿ. “ಮಳಿನ.”

ಅವನು ಆಚೆ ಹೋದ ಮೇಲೆ ಗಂಡನಿಗೂ ಗುರವ್ವನಿಗೂ ಹೇಳಿದಳು. “ಅವಂಗ ಎಂದೂ ಹೇಳಬ್ಯಾಡ್ರಿ. ಗೊತ್ತಾದ್ರ ಅವ ಬದುಕಂಗಿಲ್ಲ. ಒಂದ ಕಳಕೊಂಡೇನಿ, ಎರಡನೇದ ಕಳಕೊಳ್ಳಾಕ ನನ್ನ ಕಡಿಂದ ಆಗಂಗಿಲ್ಲ. ನನ್ನ ಆಣಿ ಐತಿ.”

ಗಂಡ ಅಂದಿದ್ದ ‘ಇನ್ನೂ ಆರಿಲ್ಲ’ ಎಂಬ ಮಾತನ್ನೂ ಆಕೆ ಎಂದೂ ಎತ್ತಿ ಆಡಲಿಲ್ಲ. ಒಮ್ಮೆಯಾದರೂ ಆಡಿ ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

*

ಮಧ್ಯಾಹ್ನದ ಜೋಹರ್ ನಮಾಜಿನ ಹೊತ್ತಿಗೆ ಜನಾಜಾ ಎತ್ತಿದರು. ಮೇಲೆ ಹಸಿರು ಚಾದರ. ಖುಷ್ಬೂ ಬಾಗಿಲ ಚೌಕಟ್ಟಿಗೆ ತಲೆ ಚಚ್ಚಿಕೊಂಡು “ಅವ್ವಾ, ನಿನ್ನ ಮಕ್ಕಳ ಕೂಡ ಮಲಕೋತೇನಿ ಬಾ ಅಂದಿದ್ದಿಯಲ್ಲಬೇ” ಎಂದು ಅತ್ತಳು. ಬಾಗಿಲು ಕಿರಿದು, ಹೊರುವವರು ನಾಲ್ವರು. ತಿರುಗಿಸುವಾಗ ಜನಾಜಾದ ಕಬ್ಬಿಣದ ಕಾಲು ಗೋಡೆಗೆ ಗೀಚಿಕೊಂಡು ಹೋಯಿತು.

“ಹುಷಾರ್ರಿ, ಹುಷಾರ್ರಿ,” ಎಂದ ನಿಯಾಜ್.

ಗೀರು ಬಿದ್ದ ಕಡೆ ಬಿಳಿ ಗೆರೆ ಎದ್ದಿತು. ಬೂದಿಯ ಕೆಳಗೆ ಹಚ್ಚಿದ್ದ ಪ್ರೈಮರಿನ ಬಿಳುಪು. ಹೆಣದ ಹಿಂದೆ ಹೊರಟ ಯಾರೂ ಅದನ್ನು ನೋಡಲಿಲ್ಲ. ಅಬ್ದುಲಗನಿ ನೋಡಿದ.

ಖಬರಸ್ತಾನದ ಆಚೆಗೆ ಕಡಲೆ ಬಿತ್ತಿದ ಹೊಲಗಳು ಆಗಷ್ಟೇ ಹಸಿರಾಗಿದ್ದವು. ಅಗೆದ ಎರೆಮಣ್ಣು ಕುಣಿಯ ಅಂಚಿನಲ್ಲಿ ಹೆಂಟೆ ಹೆಂಟೆಯಾಗಿ ಬಿದ್ದಿತ್ತು. ಮೀರಾಬಿಯನ್ನು ಕೆಳಗಿಳಿಸಲು ನಿಯಾಜ್ ಕುಣಿಯಲ್ಲಿ ಇಳಿದ, ಸಂಶಿಯ ಅಳಿಯ ಇಳಿದ. ಅಬ್ದುಲಗನಿಯನ್ನು ರಮಜಾನ್ ಕಾಕಾ ತೋಳು ಹಿಡಿದು ಒಂದು ಮಾರು ಆಚೆ ನಿಲ್ಲಿಸಿಕೊಂಡ. ಮಣ್ಣು ಹಾಕುವ ಹೊತ್ತಿಗೆ ಮಾತ್ರ ಬಿಟ್ಟ. ಮೂರು ಹಿಡಿ ಹಾಕಿದ ಮೇಲೂ ಜಿಗುಟು ಮಣ್ಣು ಅಂಗೈಗೆ ಅಂಟಿಕೊಂಡೇ ಇತ್ತು. ಕೊಡವಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ತಿರುಗಿ ಬರುವಾಗ ಹಿಂದಿನಿಂದ ಯಾರೋ ಮೆಲ್ಲಗೆ ಅಂದರು. “ಗಾದಿ ಗನಿ ಬಿಗಿ ಮನಶ್ಯಾ. ಅರ್ಧಾ ಡಬ್ಬಿ ಬಣ್ಣ ತಂದಿದ್ರ ಏನಾಗತಿತ್ತು ಅಂತೇನಿ?”

“ಹೇಂತಿ ಸತ್ತ ಮ್ಯಾಲ ಮೈದುನ ಹಚ್ಚಿಕೊಡಬೇಕು ನೋಡು.”

ನಿಯಾಜ್ ಖಬರಸ್ತಾನದಿಂದಲೇ ಗಾಡಿ ಹತ್ತಿ ಅಣ್ಣಿಗೇರಿಗೆ ಹೋದ.

*

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಅಬ್ದುಲಗನಿ ಮೊದಲು ಖುಷ್ಬೂನ ಮದುವೆ ಮಾಡಿದ, ಆಮೇಲೆ ಎಷ್ಟೋ ವರ್ಷ ತಗಡಿನ ಶೆಡ್ಡಿನಲ್ಲಿದ್ದುಕೊಂಡು ಮನೆ ಕಟ್ಟಿದ. ಆ ಶೆಡ್ಡಿನಲ್ಲಿ ಮೀರಾಬಿ ಒಂದು ದಿನವೂ ಗೋಡೆಯ ಕಡೆ ಹಾಸಿಗೆ ಹಾಕಲಿಲ್ಲ. ತಗಡಿಗೆ ಹೆದರುವುದೇನು ಎಂದರೂ ಕೇಳಲಿಲ್ಲ. ನಟ್ಟನಡುವೆ ಮಲಗುತ್ತಿದ್ದಳು, ಮೊಣಕಾಲು ಎದೆಗೆ ಹಚ್ಚಿಕೊಂಡು.

ಹೊಸ ಮನೆಯ ಗೋಡೆಗೆ ಸಿಮೆಂಟು ಮೆತ್ತಿ ಗಿಲಾಯಿ ಆಯಿತು. ಆಕೆ ದಿನವೂ ಬಂದು ಗೋಡೆ ತಟ್ಟಿ ನೋಡಿ, “ಇನ್ನ ಹಿಂಗ ಇರ್ಲಿ, ಬಣ್ಣ ಬ್ಯಾಡ” ಎಂದಳು. ಅಬ್ದುಲಗನಿಗೆ ಸಿಟ್ಟು ಬಂತು.

“ಬಣ್ಣಿಲ್ಲದ ಮನಿಗೆ ಮಂದಿ ಕರದು ಕುರಾನ್ ಓದಸೂದು ಹೆಂಗ? ಮನಿ ಅಂತಾರೋ ಗೋದಾಮ ಅಂತಾರೋ?”

ಮೀರಾಬಿ ಒಂದು ದಿನ ವಿಚಾರ ಮಾಡಿದಳು. ಮಾರನೆಯ ದಿನ ಗೋಡೆಯ ಒಂದು ಚಕ್ಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗಂಡನ ಜೊತೆ ಅಣ್ಣಿಗೇರಿಯ ಬಸ್ಸು ಹತ್ತಿದಳು. ಬಣ್ಣದ ಅಂಗಡಿಯವನು ಗುಲಾಬಿ, ಆಕಾಶ ನೀಲಿ, ನಿಂಬೆ, ಎಲ್ಲ ತೆಗೆದು ಹರಡಿದ. ಆಕೆ ಗಂಟು ಬಿಚ್ಚಿ ಚಕ್ಕೆ ಮುಂದಿಟ್ಟಳು.

“ಇದು ಬೇಕ್ರೀ.”

“ಅವ್ವಾರ, ಇದು ಸಿಮೆಂಟ್ರೀ.”

“ಹೌದ್ರಿ. ಇದರ ಬಣ್ಣ.”

“ಸಿಮೆಂಟಿನ ಮ್ಯಾಲ ಸಿಮೆಂಟಿನ ಬಣ್ಣ ಹಚ್ಚಿದ್ರ ಹಚ್ಚಿದ್ದು ಯಾರಿಗೆ ಗೊತ್ತಾಗಬೇಕ್ರಿ?”

“ನನಗ ಗೊತ್ತಾಗ್ತೈತ್ರೀ. ಹೊಳಪು ಬ್ಯಾಡ. ನೀರು ಹತ್ತಿದ್ರ ಕಪ್ಪಾಗಿ ಕಾಣಬೇಕು. ಅಂಥಾದ್ದು ಕೊಡ್ರಿ.”

ಅಂಗಡಿಯವನು ಅಬ್ದುಲಗನಿಯ ಮುಖ ನೋಡಿ ನಕ್ಕ. ಅಬ್ದುಲಗನಿಗೆ ನಗು ಬರಲಿಲ್ಲ. ಹೆಂಡತಿ ಗಂಡನ ಮಾನಕ್ಕಾಗಿ ಬಣ್ಣಕ್ಕೆ ಒಪ್ಪಿದ್ದಳು, ತನ್ನ ಜೀವಕ್ಕಾಗಿ ಗೋಡೆಯನ್ನು ಗೋಡೆಯಾಗಿಯೇ ಉಳಿಸಿಕೊಂಡಿದ್ದಳು. ಅವನಿಗೆ ಅದು ಅಲ್ಲೇ, ಆ ಅಂಗಡಿಯ ಕಟ್ಟೆಯ ಮೇಲೆಯೇ ತಿಳಿಯಿತು.

ಮೀರಾಬಿ ಮತ್ತು ಗುರವ್ವ ಇಬ್ಬರೇ ಹಚ್ಚಿದರು. ಹೊರಗಿನವರು ಬೇಡ ಎಂದಳು. ಮೊದಲು ಬಿಳಿ, ಅದರ ಮೇಲೆ ಎರಡು ಸಲ ಬೂದಿ. ಏಣಿಯ ಮೇಲಿನಿಂದ ಗುರವ್ವ “ಬೂದಿ ಬಸಪ್ಪನ ಗುಡಿ ಕಟ್ಟಾಕತ್ತೀಯೇನ ಬೇ?” ಎಂದು ಕಾಡಿದರೆ ಮೀರಾಬಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಅರ್ಫಾ ಹೋದ ಮೇಲೆ ಆಕೆ ಹಾಗೆ ನಕ್ಕಿದ್ದನ್ನು ಅಬ್ದುಲಗನಿ ನೋಡಿರಲಿಲ್ಲ. ಆಮೇಲೆ ಬಣ್ಣಕ್ಕೆ ಒಪ್ಪುವ ಪರದೆ, ಹೊದಿಕೆ ಎಲ್ಲ ಹೊಲಿದಳು. ಬೂದಿಯಲ್ಲೂ ಎಷ್ಟು ನಮೂನೆ ಅದಾವ ನೋಡ್ರಿ, ಪಾರಿವಾಳದ್ದು ಬೇರೆ, ಮೋಡದ್ದು ಬೇರೆ ಎಂದು ಗಂಡನಿಗೆ ತೋರಿಸಿದಳು.

ಮನೆ ಹೊಕ್ಕು ಓದಿಸುವ ದಿನ ಊರೆಲ್ಲ ಬಂದು ಉಂಡು, ಹೋಗುವಾಗ ಒಂದೇ ಮಾತು ಕೇಳಿತು. “ಬಣ್ಣ ಯಾವಾಗ ಹಚ್ಚತೀರಿ?” ಅಬ್ದುಲಗನಿ ಹಚ್ಚಿದೆ ಎಂದು ಇಬ್ಬರು ಮೂವರಿಗೆ ಹೇಳಿ ನಗೆಗೀಡಾದ. ಆಮೇಲೆ ಬಿಟ್ಟುಬಿಟ್ಟ. ನಿಯಾಜನಿಗೆ ಮಾತ್ರ ಹೇಳಗೊಡಲಿಲ್ಲ ಮೀರಾಬಿ. “ಯಾಕ ಈ ಬಣ್ಣ ಅಂತ ಕೇಳ್ತಾನ. ಕೇಳಿದ್ರ ನನಗ ಸುಳ್ಳು ಹೇಳಾಕ ಬರೂದಿಲ್ಲ. ಹಚ್ಚಿಲ್ಲ ಅಂತನ ತಿಳಕೊಳ್ಳಲಿ.”

ಈ ಮಳೆಗಾಲ ಪೂರ್ತಿ ಆಕೆ ದಿನಾ ಮುಂಜಾನೆ ಎದ್ದು ಪಡಸಾಲೆಯ ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡಿದಳು. ಒಂದೇ ಜಾಗದಲ್ಲಿ ಒತ್ತಿ ಒತ್ತಿ ಅಲ್ಲಿ ಕೈಯಷ್ಟಗಲ ನುಣುಪಾಯಿತು. ಗೋಡೆ ಒಮ್ಮೆಯೂ ಕಪ್ಪಾಗಲಿಲ್ಲ. ಮಳೆ ಮುಗಿದ ಮೇಲೆ ಒಂದು ದಿನ ಏನೂ ಹೇಳದೆ ತನ್ನ ಗಾದಿಯನ್ನು ನಡುವಿನಿಂದ ಎಳೆದು ಆ ಗೋಡೆಗೆ ಹಚ್ಚಿದಳು. ಬೆನ್ನು ಕೊಟ್ಟು, ಕಾಲು ಚಾಚಿ ಮಲಗಿದಳು. ಅಬ್ದುಲಗನಿ ಮುಸುಕು ಹೊದ್ದುಕೊಂಡು ಅತ್ತುಬಿಟ್ಟ. ಆಕೆ ಹಾಗೆ ಮಲಗಿದ್ದು ಕೆಲವೇ ವಾರ.

*

ನಿಯಾಜ್ ಬಿಸಿಲು ಇಳಿಯುವ ಮುಂಚೆಯೇ ಬಂದ. ಗಾಡಿಯ ಎರಡೂ ಬದಿಗೆ ಡಬ್ಬಿ, ಹಿಂದೆ ಬ್ರಷ್ಷು, ಟರ್ಪೆಂಟೈನ್.

“ಮಣ್ಣು ಕೊಟ್ಟು ಬಂದೇವಿ, ಇವತ್ತ ಬ್ಯಾಡೋ,” ಎಂದ ರಮಜಾನ್ ಕಾಕಾ.

“ಎಣ್ಣಿ ಬಣ್ಣ ಕಾಕಾ, ಆರಾಕ ದಿನ ಬೇಕು. ಇವತ್ತ ಹಚ್ಚಿದ್ರ ಜಿಯಾರತ್ತಿಗೆ ಆರ್ತೈತಿ. ಮಂದಿ ಗ್ವಾಡಿಗೆ ಆತ ಕುಂದರಬೇಕಲ್ಲ.”

ಖುಷ್ಬೂ ಬಾತ ಕಣ್ಣಿನಲ್ಲೇ ಹೇಳಿದಳು. “ಹಚ್ಚಲಿ ಬಿಡು ಕಾಕಾ. ಅವ್ವಗ ಹಸರ ಬಳಿ ಅಂದ್ರ ಜೀವ ಇತ್ತು.”

ಹಿತ್ತಲಲ್ಲಿ ಕಫನ್ನಿನ ಚೂರು, ಸೋಪಿನ ನೀರು ಇನ್ನೂ ಆರಿರಲಿಲ್ಲ. ಗುರವ್ವ ಅಬ್ದುಲಗನಿಯನ್ನು ಅಲ್ಲಿಗೆ ಕರೆದು ನಿಲ್ಲಿಸಿದಳು. ಧ್ವನಿ ಸಣ್ಣದಿತ್ತು.

“ಯಣ್ಣಾ, ನೀ ಹೇಳ್ತೀಯೋ, ನಾ ಹೇಳಲೋ?”

“ಹೇಳಬ್ಯಾಡ.”

“ಬೂದಿ ಬಣ್ಣ ಹಚ್ಚುವಾಗ ಆಕಿ ಮಾರಿ ನೀ ನೋಡಿದ್ದಿಲ್ಲೇನು? ಸತ್ತ ದಿನಾನ ಆಕಿ ಗ್ವಾಡಿ ಮುಚ್ಚಾಕತ್ತಾರ. ಅದೂ ಯಾವ ಬಣ್ಣದಾಗ!”

“ಗೊತ್ತೈತಿ.”

“ಮತ್ತ?”

ಅಬ್ದುಲಗನಿ ಹಗ್ಗದ ಮೇಲೆ ಒಣಗುತ್ತಿದ್ದ ಬೂದಿ ಪರದೆಯನ್ನು ಹಿಡಿದು ನಿಂತ. “ಗ್ವಾಡಿ ಆಕೀದು, ಗುರವ್ವಾ. ತಮ್ಮನೂ ಆಕೀದ. ಎರಡೂ ಉಳಿಯಂಗಿಲ್ಲ. ಇಷ್ಟ ವರ್ಷ ಆಕಿ ಯಾವುದನ್ನ ಕಾಯ್ದಳು, ನೀನ ಹೇಳು.”

ಗುರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕಟ್ಟೆಯ ಮೇಲೆ ಕುಸಿದಳು.

ಒಳಗಿನಿಂದ ನಿಯಾಜ್ ಕೂಗಿದ. “ಮಾಮಾ, ಸ್ವಲ್ಪ ಬರ್ರಿ ಇಲ್ಲೆ.”

ಅವನು ಬಾಗಿಲ ಬದಿಯ ಗೀರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಕೆದರುತ್ತಿದ್ದ. ಬಿಳಿ ಇನ್ನಷ್ಟು ಅಗಲವಾಗಿತ್ತು. “ಇದೇನ್ರಿ? ಒಳಗ ಬಿಳೇದು, ಮ್ಯಾಲ ಬೂದಿ. ಇದಕ್ಕ ಬಣ್ಣ ಹಚ್ಚೇರೇನು?”

ರೇಷ್ಮಾಬಿ ಇಣುಕಿದಳು. ಪಡಸಾಲೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು.

“ಹೌದು,” ಎಂದ ಅಬ್ದುಲಗನಿ.

“ಬೂದಿ ಬಣ್ಣ? ಹೊಸಾ ಮನಿಗೆ? ಯಾರು ಆರಿಸಿದ್ದು ಇದನ್ನ?”

ಒಂದು ಮಾತು ಸಾಕಿತ್ತು. ಅಬ್ದುಲಗನಿಯ ಕಣ್ಣಿಗೆ ಸೆರಗಿನ ಗಂಟಿನ ಚಕ್ಕೆ ಕಂಡಿತು, ಏಣಿಯ ಕೆಳಗೆ ನಗುತ್ತಿದ್ದವಳು ಕಂಡಳು. ನಿಯಾಜನ ಮುಖದಲ್ಲಿ ಅದೇ ಮೂಗು, ಅದೇ ಹುಬ್ಬು.

“ನಾನ,” ಎಂದ. “ಅಂಗಡ್ಯಾಗ ಯಾರೂ ಒಯ್ಯದ ಬಿದ್ದಿತ್ತು. ಸೋವಿ ಕೊಟ್ಟ. ತಂದೆ.”

ನಿಯಾಜ್ ಎದ್ದು ನಿಂತ. “ಅಕ್ಕ ಏನೂ ಅನ್ನಲಿಲ್ಲೇನು?”

“ಆಕಿ ನನಗ ಎಂದೂ ಏನೂ ಅನ್ನಲಿಲ್ಲ.”

“ಬಾಯಿಲ್ಲ ಅಂತ ಹಿಂಗ ಮಾಡಿದ್ರಿ. ಇಡೀ ಜನ್ಮಕ್ಕ ಒಂದು ಮನಿ ಕಂಡ್ಲು ನಮ್ಮಕ್ಕ. ಅದಕ್ಕೂ ಬೂದಿ ಬಳದ್ರಿ.” ಅವನ ಧ್ವನಿ ಒಡೆಯಿತು. “ಈ ಬೂದ್ಯಾಗ ಮಲಗಿ ಮಲಗಿನ ಆಕಿ ಎದಿ ಒಡದಿರಬೇಕು.”

ಖುಷ್ಬೂ “ಮಾಮಾ, ಸುಮ್ನಿರೋ” ಎಂದಳು. ಆದರೆ ಅಪ್ಪನ ಮುಖ ನೋಡಲಿಲ್ಲ. ಯಾರೂ ನೋಡಲಿಲ್ಲ. ರಮಜಾನ್ ಕಾಕಾ ಮಣಿಮಾಲೆ ಎಣಿಸತೊಡಗಿದ. ಅಬ್ದುಲಗನಿ ತಲೆ ತಗ್ಗಿಸಿ ಕೇಳಿಸಿಕೊಂಡ. ಅವನಿಗೆ ಅದು ನೋವೂ ಆಯಿತು, ಒಂದು ಬಗೆಯ ಸಮಾಧಾನವೂ ಆಯಿತು. ಹೆಂಡತಿ ಬಯ್ಯದೆ ಬಿಟ್ಟದ್ದನ್ನು ಮೈದುನ ಬಯ್ದಂತಿತ್ತು.

“ಒಂದು ಮಾತು ನಡಸು,” ಎಂದ ಕೊನೆಗೆ. “ಎಲ್ಲಾ ಹಚ್ಚು. ಆಕಿ ಮಲಗತಿದ್ದ ಗ್ವಾಡಿ ಒಂದು ಬಿಡು.”

“ಮೊದಲು ಅದನ್ನ ಹಚ್ತೇನಿ,” ಎಂದು ನಿಯಾಜ್ ಡಬ್ಬಿಯ ಮುಚ್ಚಳ ಮೀಟಿದ.

ಲೋಬಾನದ ಹೊಗೆಯ ಮೇಲೆ ಟರ್ಪೆಂಟೈನಿನ ವಾಸನೆ ಏರಿತು. ನಿಯಾಜ್ ಅಂಗಿ ಕಳಚಿ, ಅಳುತ್ತಲೇ ಹಚ್ಚಿದ. ಅಚ್ಚುಕಟ್ಟಾಗಿ ಹಚ್ಚಿದ, ಮೂಲೆ ಬಿಡದೆ, ಬುಡ ಬಿಡದೆ. ಅಂಗೈಯಿಂದ ನುಣುಪಾಗಿದ್ದ ಜಾಗದ ಮೇಲೆ ಬ್ರಷ್ಷು ಒಂದು ಸಲ ಹೋಯಿತು, ಇನ್ನೊಂದು ಸಲ ಹೋಯಿತು. ಸಂಜೆಯ ಮಗ್ರಿಬ್ ಅಜಾನಿನ ಹೊತ್ತಿಗೆ ಇಡೀ ಗೋಡೆ ಗಿಳಿ ಹಸಿರಾಗಿ ಫಳಫಳ ಹೊಳೆಯುತ್ತಿತ್ತು. ಬಂದವರೆಲ್ಲ ಬಾಗಿಲಲ್ಲಿ ನಿಂತು ನೋಡಿ, ಈಗ ಮನೆಗೆ ಕಳೆ ಬಂತು ಎಂದು ಹೇಳಿ ಹೋದರು.

ನಿಯಾಜ್ ಹಿತ್ತಲಲ್ಲಿ ಸೀಮೆಎಣ್ಣೆಯಿಂದ ಕೈ ತಿಕ್ಕಿಕೊಳ್ಳುತ್ತಿದ್ದ. ದಿನವಿಡೀ ಅತ್ತು ಸುಸ್ತಾಗಿದ್ದ ಖುಷ್ಬೂನ ಮಗಳು ಅಜ್ಜಿಯ ಗಾದಿಯ ಮೇಲೆ ನಿದ್ದೆ ಹೋಗಿದ್ದಳು. ಅಜ್ಜಿ ಹಾಸುತ್ತಿದ್ದ ಜಾಗವೆಂದು ಖುಷ್ಬೂ ಅದನ್ನು ಗೋಡೆಯ ಮಗ್ಗುಲಿಗೇ ಹಾಸಿದ್ದಳು.

ಅಬ್ದುಲಗನಿ ಬಂದು ಗೋಡೆಯ ಬುಡದಲ್ಲಿ ಕೂತ. ನುಣುಪು ಜಾಗ ಎಲ್ಲಿತ್ತೆಂದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಅಲ್ಲಿ ಅಂಗೈ ಒತ್ತಿದ. ತಣ್ಣಗಿತ್ತು, ಹಸಿಯಾಗಿತ್ತು. ಬಣ್ಣದ ಹಸಿಯೋ ಒಳಗಿನದೋ, ಕೈಗೆ ತಿಳಿಯಲಿಲ್ಲ.

“ಕೈ ಹಚ್ಚಬ್ಯಾಡ್ರಿ ಮಾಮಾ,” ಎಂದ ನಿಯಾಜ್ ಬಾಗಿಲಿನಿಂದ. ಸಿಟ್ಟು ಇಳಿದು ಧ್ವನಿ ಮೆತ್ತಗಾಗಿತ್ತು. “ಇನ್ನೂ ಆರಿಲ್ಲ.”

“ಹೌದು,” ಎಂದ ಅಬ್ದುಲಗನಿ. “ಇನ್ನೂ ಆರಿಲ್ಲ.”

ಅವನು ಎದ್ದು ಗಾದಿಯ ಅಂಚು ಹಿಡಿದ. ತಾನೇ ಅರಳೆ ತುಂಬಿ ಹೊಲಿದ ಗಾದಿ, ಭಾರವಾಗಿತ್ತು. ಮಗು ಎಚ್ಚರವಾಗದಂತೆ ಒಂದೊಂದೇ ಗೇಣು ಎಳೆದು, ನಾಲ್ಕೂ ಗೋಡೆಗಳಿಗೆ ದೂರವಾಗಿ, ಕೋಣೆಯ ನಟ್ಟನಡುವೆ ತಂದು ಬಿಟ್ಟ. ಹಿಡಿದಿದ್ದ ಕಡೆ ಗಾದಿಯ ಬಟ್ಟೆಯ ಮೇಲೆ ಅವನ ಅಂಗೈ, ಐದೂ ಬೆರಳು, ಹಸಿರಾಗಿ ಮೂಡಿದ್ದವು.